ಮೆಂಡೋಟಾದ ವಾರ್ಡು ಊರಿಗೆ ಬಂದ ಕಥೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್. ಮೆಂಡೋಟಾ, ಮೊನೋನಾ ಎಂಬ ಎರಡು ಸರೋವರಗಳ ನಡುವಣ ಕಿರಿದಾದ ನೆಲಪಟ್ಟಿಯ ಮೇಲೆ ಕಟ್ಟಿದ ಊರು ಅದು. ಊರಿನ ಆಚೆ ದಡದಲ್ಲಿ, ಮೆಂಡೋಟಾದ ನೀರಿಗೆ ಮುಖಮಾಡಿ, 1860ರ ಜುಲೈ ತಿಂಗಳಲ್ಲಿ ಆ ರಾಜ್ಯದ ಮೊದಲ ಸರ್ಕಾರಿ ಮಾನಸಿಕ ಆಸ್ಪತ್ರೆ ಬಾಗಿಲು ತೆರೆಯಿತು. ನೂರಹನ್ನೆರಡು ವರ್ಷಗಳ ಮೇಲೆ, 1972ರಲ್ಲಿ, ಅದೇ ಆಸ್ಪತ್ರೆಯ ಒಂದು ವಾರ್ಡಿನ ಸಿಬ್ಬಂದಿ ತಮ್ಮ ವಾರ್ಡನ್ನು ಬಿಟ್ಟು ಊರೊಳಗಿನ ಹಳೆಯ ಮನೆಯೊಂದಕ್ಕೆ ಬಂದು ನೆಲೆ ಹೂಡಿದರು. ತೀವ್ರ ಮಾನಸಿಕ ಕಾಯಿಲೆಯಿರುವ ವಯಸ್ಕರು ವಾಸವಿದ್ದ ಕೋಣೆಗಳಿಗೇ ಹೋಗಿ, ಅವರ ಪಕ್ಕದಲ್ಲಿ ನಿಂತು, ಬಟ್ಟೆ ಒಗೆಯುವುದು, ಅಡುಗೆ ಮಾಡುವುದು, ಸಾಮಾನು ತರುವುದು, ಬಸ್ಸು ಹತ್ತುವುದು, ಕೈಗೆ ಬಂದ ದುಡ್ಡನ್ನು ತಿಂಗಳ ಕೊನೆಯವರೆಗೆ ಎಳೆಯುವುದು, ಇವನ್ನೆಲ್ಲ ಕಲಿಸುವುದು ಅಂದಿನಿಂದ ಅವರ ಕೆಲಸವಾಯಿತು.

ಮನೋವೈದ್ಯದ ಚರಿತ್ರೆ ಬರೆದವರು ಸರಪಳಿ ಕಳಚಿದವರನ್ನು ಕೊಂಡಾಡಿದ್ದಾರೆ, ಔಷಧಿ ಕಂಡುಹಿಡಿದವರನ್ನು ಕೊಂಡಾಡಿದ್ದಾರೆ. ಒಲೆ ಹಚ್ಚುವುದನ್ನು ಕಲಿಸಿದವರ ಮಾತು ಬಂದಾಗ ಅವರ ಲೇಖನಿ ಬೇಗ ಮುಂದೆ ಸರಿಯುತ್ತದೆ. ಕಾಯಿಲೆ ಬಿದ್ದವರಿಗೂ ಅವರ ಮನೆಯವರಿಗೂ ಈ ಮೂರನೆಯವರು ಮಾಡಿದ ಉಪಕಾರ ಮೊದಲಿಬ್ಬರದಕ್ಕಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ. ಅವರ ಕಥೆಯ ಬೇರು ಹಿಡಿಯಬೇಕಾದರೆ ಮ್ಯಾಡಿಸನ್ನಿನಿಂದ ಹೊರಟು ಸಾಗರ ದಾಟಿ ಇಂಗ್ಲೆಂಡಿನ ಯಾರ್ಕ್ ಪಟ್ಟಣಕ್ಕೆ ಹೋಗಬೇಕು.

1790ರ ಮಾರ್ಚ್ ತಿಂಗಳಲ್ಲಿ ಲೀಡ್ಸ್ ಊರಿನ ಹ್ಯಾನಾ ಮಿಲ್ಸ್ ಎಂಬ ವಿಧವೆಯನ್ನು ಯಾರ್ಕಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಆಕೆ ಕ್ವೇಕರ್ ಎಂಬ ಕ್ರೈಸ್ತ ಪಂಥದವಳು. ನೋಡಲು ಹೋದ ಪಂಥದ ಬಂಧುಗಳನ್ನು ಆಸ್ಪತ್ರೆಯವರು ಒಳಗೆ ಬಿಡಲಿಲ್ಲ. ಏಪ್ರಿಲ್ ಮುಗಿಯುವ ಮೊದಲೇ ಆಕೆ ಅಲ್ಲೇ ತೀರಿಕೊಂಡಳು. ಒಳಗೆ ಏನು ನಡೆಯಿತೆಂದು ಯಾರಿಗೂ ತಿಳಿಯಲಿಲ್ಲ. ಆ ಸಾವು ಯಾರ್ಕಿನ ಕ್ವೇಕರರ ಮನಸ್ಸನ್ನು ಕೊರೆಯಿತು. ಅವರಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿಯೊಬ್ಬನಿದ್ದ. ವಯಸ್ಸು ಅರವತ್ತರ ಹತ್ತಿರ, ವೈದ್ಯದ ಗಂಧವಿಲ್ಲ. ತಮ್ಮವರಿಗೆ ತಮ್ಮದೇ ಒಂದು ಆಶ್ರಯ ಬೇಕೆಂದು 1792ರಲ್ಲಿ ಪಂಥದ ಸಭೆಯ ಮುಂದೆ ಯೋಜನೆ ಇಟ್ಟ, ಹಣ ಕೂಡಿಸಿದ. 1796ರಲ್ಲಿ ಊರಾಚೆಯ ದಿಬ್ಬದ ಮೇಲೆ 'ರಿಟ್ರೀಟ್' ಎಂಬ ಆ ಮನೆ ತೆರೆಯಿತು. ಸುಮಾರು ಮೂವತ್ತು ಮಂದಿಗೆಂದು ಕಟ್ಟಿದ್ದು. ಕಿಟಕಿಗಳ ಸರಳುಗಳು ಕಬ್ಬಿಣದವೇ. ಆದರೆ ಮಾಮೂಲು ಮನೆಯ ಮರದ ಚೌಕಟ್ಟಿನಂತೆ ಕಾಣುವ ಹಾಗೆ ಮಾಡಿಸಿದ್ದರು. ರೋಗಿಗಳು ಅಡ್ಡಾಡುವ ಅಂಗಳಗಳಲ್ಲಿ ಮೊಲ, ಕೋಳಿ, ಕಡಲಹಕ್ಕಿಗಳನ್ನು ಸಾಕಿದ್ದರು.

ಜಾರ್ಜ್ ಜೆಪ್ಸನ್ ಅಲ್ಲಿನ ಮೇಲ್ವಿಚಾರಕ, ಕ್ಯಾಥರಿನ್ ಅಲೆನ್ ಮೇಲ್ವಿಚಾರಕಿ. ಮುಂದೆ ಇವರಿಬ್ಬರೂ ಮದುವೆಯಾದರು. ಆ ಮನೆಯಲ್ಲಿ ನಡೆದುದನ್ನು ವಿಲಿಯಂ ಟ್ಯೂಕನ ಮೊಮ್ಮಗ ಸ್ಯಾಮ್ಯುಯೆಲ್ ಟ್ಯೂಕ್ 1813ರ ತನ್ನ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದ. ಅದರಲ್ಲಿ ಬರುವ ಒಂದು ಪ್ರಸಂಗ ಹೀಗಿದೆ. ಮೂವತ್ತನಾಲ್ಕರ ಆಸುಪಾಸಿನ ಆಜಾನುಬಾಹು ಒಬ್ಬನನ್ನು ಸರಪಳಿ ಬಿಗಿದು ಕರೆತಂದರು. ಹಿಂದೆಯೂ ಕಾಯಿಲೆ ಮರುಕಳಿಸಿ ಬೇರೆಡೆ ಕಟ್ಟಿಹಾಕಿಸಿಕೊಂಡಿದ್ದವನು. ರಿಟ್ರೀಟಿನ ಹೊಸ್ತಿಲು ದಾಟುತ್ತಲೇ ಸರಪಳಿ ತೆಗೆಸಿ, ಮೇಲ್ವಿಚಾರಕರು ರಾತ್ರಿಯೂಟಕ್ಕೆ ಕೂತಿದ್ದ ಕೋಣೆಗೇ ಅವನನ್ನು ಕರೆದುಕೊಂಡು ಹೋದರು. ತಮ್ಮ ಜೊತೆ ಊಟಕ್ಕೆ ಕೂರಲು ಹೇಳಿದರು. ಅವನು ಕೂತ, ಸಭ್ಯವಾಗಿಯೇ ಉಂಡ. ಊಟ ಮುಗಿದ ಮೇಲೆ ಕೋಣೆ ತೋರಿಸಿ, ಇಲ್ಲಿ ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತೇವೆಂಬುದು ನೀವು ಹೇಗೆ ನಡೆದುಕೊಳ್ಳುತ್ತೀರೆಂಬುದರ ಮೇಲೆ ನಿಂತಿದೆ ಎಂದು ತಿಳಿಸಿದರು. ಸುಮಾರು ನಾಲ್ಕು ತಿಂಗಳಲ್ಲಿ ಆತ ಗುಣವಾಗಿ ಮನೆಗೆ ಹೋದ.

ಆಗಾಗ ಅಲ್ಲಿ ಚಹಾ ಕೂಟವೂ ನಡೆಯುತ್ತಿತ್ತು. ಮೇಲ್ವಿಚಾರಕಿಯಿಂದ ಎಲ್ಲರಿಗೂ ಆಹ್ವಾನ ಹೋಗುತ್ತಿತ್ತು. ಬರುವವರು ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ತೊಟ್ಟು ಬರುತ್ತಿದ್ದರು. ಅವರನ್ನು ಬಂದ ಅತಿಥಿಗಳಂತೆಯೇ ಉಪಚರಿಸುತ್ತಿದ್ದರು. ವಿನಯದಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಹಾಗೆ ನಡೆದುಕೊಳ್ಳುತ್ತಿದ್ದ ಆ ಸಂಜೆಗಳು ಬಹುಮಟ್ಟಿಗೆ ಶಾಂತವಾಗಿ ಕಳೆಯುತ್ತಿದ್ದವೆಂದು ಸ್ಯಾಮ್ಯುಯೆಲ್ ಟ್ಯೂಕ್ ಬರೆದಿದ್ದಾನೆ. ತಲೆ ಬಾಚಿಕೊಳ್ಳುವುದು, ಬಟ್ಟೆಯ ಗುಂಡಿ ಹಾಕಿಕೊಳ್ಳುವುದು, ಬಟ್ಟಲನ್ನು ಚೆಲ್ಲದೆ ಹಿಡಿಯುವುದು, ಎದುರಿನವರ ಮಾತು ಮುಗಿಯುವವರೆಗೆ ತಡೆಯುವುದು, ಒಂದು ಚಹಾ ಕೂಟಕ್ಕೆ ಇಷ್ಟೂ ಬೇಕು. ಕ್ವೇಕರರು ಅದನ್ನು ಪಾಠವೆಂದು ಕರೆಯಲಿಲ್ಲ, ಬದುಕಿನ ಭಾಗವಾಗಿ ನಡೆಸಿದರು. ಒಂದೂವರೆ ಶತಮಾನದ ಮೇಲೆ, 1961ರಲ್ಲಿ, ಫ್ರಾನ್ಸಿನ ಚಿಂತಕ ಮಿಷೆಲ್ ಫೂಕೋ ಈ ಕೂಟಗಳನ್ನೇ ಎತ್ತಿಕೊಂಡು, ಅಲ್ಲಿ ಸರಪಳಿ ಹೋದ ಜಾಗಕ್ಕೆ ಸದಾ ಯಾರೋ ತನ್ನನ್ನು ಗಮನಿಸುತ್ತಿದ್ದಾರೆಂಬ ಅಂಜಿಕೆ ಬಂತು ಎಂದು ವಾದಿಸಿದ. ಆ ಮಾತಿನಲ್ಲಿ ಹುರುಳಿದೆ. ಆದರೆ ಕೈಗೆ ಕೋಳ ಬಿದ್ದಿದ್ದವನಿಗೆ ಅಂದು ರಾತ್ರಿ ಊಟದ ಮೇಜಿನ ಬಳಿ ಕುರ್ಚಿ ಸಿಕ್ಕಿದ್ದನ್ನು ಆ ವಾದ ಅಳಿಸಿಹಾಕಲಾರದು.

ಕ್ವೇಕರರ ಈ ದಾರಿ ಅಟ್ಲಾಂಟಿಕ್ ದಾಟಿ ಫಿಲಡೆಲ್ಫಿಯಾ ಮುಟ್ಟಿತು. ಅಲ್ಲಿನ ಕ್ವೇಕರ್ ಆಸ್ಪತ್ರೆಯಲ್ಲಿ ತರಬೇತಾದ ಥಾಮಸ್ ಕರ್ಕ್‌ಬ್ರೈಡ್ ಎಂಬ ವೈದ್ಯ ಮಾನಸಿಕ ಆಸ್ಪತ್ರೆಯ ಕಟ್ಟಡ ಹೇಗಿರಬೇಕೆಂದು 1854ರಲ್ಲಿ ಪುಸ್ತಕವನ್ನೇ ಬರೆದ. ಊರಾಚೆ ವಿಶಾಲ ಜಾಗ, ಗಾಳಿ ಬೆಳಕು ಹರಿಯುವ ಉದ್ದನೆಯ ರೆಕ್ಕೆಗಳು, ತೋಟ, ಹೊಲ. ರೋಗಿಗಳ ಸಂಖ್ಯೆ 250 ಮೀರಬಾರದು. ಮೆಂಡೋಟಾದ ಆಸ್ಪತ್ರೆಯೂ ಆ ನಕ್ಷೆಯಂತೆಯೇ ಎದ್ದದ್ದು. ದೇಶವೆಲ್ಲ ಇಂಥ ಕಟ್ಟಡಗಳು ಎದ್ದವು, ಎದ್ದ ಕೆಲವೇ ದಶಕಗಳಲ್ಲಿ ತುಂಬಿ ತುಳುಕಿದವು. ಬಡವರು, ಮುದುಕರು, ಮನೆಯವರಿಗೆ ಬೇಡವಾದವರು, ಎಲ್ಲರ ಗತಿಯೂ ಅಲ್ಲಿಗೇ. 1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 5 ಲಕ್ಷ 58 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು.

ಅಷ್ಟು ಜನರನ್ನು ತುಂಬಿಕೊಂಡ ಆಸ್ಪತ್ರೆಗಳಲ್ಲಿ ಒಬ್ಬೊಬ್ಬರ ದಿನಚರಿಗೆ ಎಡೆಯೆಲ್ಲಿ? ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಬಟ್ಟೆ ಒಟ್ಟಾರೆ ರಾಶಿಯಿಂದ ಬರುತ್ತಿತ್ತು, ಇಂದು ತೊಟ್ಟದ್ದು ನಾಳೆ ಇನ್ನೊಬ್ಬರ ಮೈಮೇಲೆ. ಸ್ನಾನಕ್ಕೆ ಸಾಲು, ಔಷಧಿಗೆ ಸಾಲು. ದುಡ್ಡು ಕೈಗೆ ಸಿಗುತ್ತಿರಲಿಲ್ಲ, ಬೀಗದ ಕೈ ಇರುತ್ತಿರಲಿಲ್ಲ, ಬೆಂಕಿಕಡ್ಡಿ ಕೊಡುತ್ತಿರಲಿಲ್ಲ. ಎಷ್ಟೋ ರೋಗಿಗಳು ಆಸ್ಪತ್ರೆಯ ಹೊಲದಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದದ್ದೂ ನಿಜ. ಆದರೆ ನೂರಾರು ಹಾಸುಬಟ್ಟೆಗಳನ್ನು ದೊಡ್ಡ ಯಂತ್ರಕ್ಕೆ ತುಂಬುತ್ತಿದ್ದವರಿಗೆ ತಮ್ಮ ಸ್ವಂತ ಅಂಗಿ ಯಾವುದೆಂದು ತೋರಿಸಲು ಅಲ್ಲಿ ಒಂದೂ ಇರಲಿಲ್ಲ.

ಈ ಬಾಳು ಮನುಷ್ಯನನ್ನು ಏನು ಮಾಡುತ್ತದೆಂದು ಇಂಗ್ಲೆಂಡಿನ ಕೆಲವು ಸಂಶೋಧಕರು ಆಗಲೇ ಕಂಡುಕೊಂಡಿದ್ದರು. ತಲೆ ತಗ್ಗಿಸಿ ಕಾಲೆಳೆದು ನಡೆಯುವುದು, ಯಾವುದರಲ್ಲೂ ಆಸ್ಥೆಯಿಲ್ಲದಿರುವುದು, ಹೇಳಿದರಷ್ಟೇ ಏಳುವುದು, ಇವೆಲ್ಲ ಕಾಯಿಲೆಯ ಲಕ್ಷಣಗಳೆಂದು ಎಲ್ಲರೂ ನಂಬಿದ್ದರು. ಇವುಗಳಲ್ಲಿ ಬಹುಪಾಲು ಆಸ್ಪತ್ರೆಯೇ ಹಚ್ಚಿದ ಇನ್ನೊಂದು ಕಾಯಿಲೆ ಎಂದು ರಸೆಲ್ ಬಾರ್ಟನ್ 1959ರಲ್ಲಿ ಪುಸ್ತಕ ಬರೆದು ಸಾರಿದ. ಜಾನ್ ವಿಂಗ್, ಜಾರ್ಜ್ ಬ್ರೌನ್ ಎಂಬಿಬ್ಬರು ಇನ್ನೂ ಮುಂದೆ ಹೋಗಿ ಮೂರು ಆಸ್ಪತ್ರೆಗಳನ್ನು ಆರಿಸಿಕೊಂಡು, ಅಲ್ಲಿ ದೀರ್ಘಕಾಲದಿಂದ ಇದ್ದ ಸ್ಕಿಜೋಫ್ರೀನಿಯಾದ ಹೆಂಗಸರನ್ನು ಎಂಟು ವರ್ಷ ಬಿಡದೆ ಗಮನಿಸಿದರು. ಅವರು ಹಿಡಿದ ಅಳತೆಗೋಲು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಈಕೆಯ ಬಳಿ ಸ್ವಂತದ್ದೆನ್ನುವ ಬಾಚಣಿಗೆ ಇದೆಯೆ, ಕನ್ನಡಿ ಇದೆಯೆ, ಕತ್ತರಿ ಇದೆಯೆ? ದಿನದಲ್ಲಿ ಎಷ್ಟು ಹೊತ್ತು ಏನೂ ಮಾಡದೆ ಕೂತಿರುತ್ತಾಳೆ? ಕೈ ಬರಿದಾದಷ್ಟೂ, ಹೊತ್ತು ಬರಿದಾದಷ್ಟೂ ಮನಸ್ಸೂ ಬರಿದಾಗಿ ಕಂಡಿತು. ಆ ಎಂಟು ವರ್ಷಗಳಲ್ಲಿ ಚೇತರಿಸಿಕೊಂಡವರಲ್ಲಿ ಆ ಚೇತರಿಕೆಯ ಜೊತೆ ಎಲ್ಲಕ್ಕಿಂತ ಬಿಗಿಯಾಗಿ ಹೊಂದಿದ ಸಂಗತಿಯೆಂದರೆ, ಏನೂ ಮಾಡದೆ ಕೂತ ಹೊತ್ತು ಕಡಿಮೆಯಾದದ್ದು. 1970ರಲ್ಲಿ ಅವರ ಪುಸ್ತಕ ಹೊರಬಂತು.

ಅಷ್ಟರಲ್ಲಿ ಕಾಲ ಹೊರಳಿತ್ತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯ ಗುಣ ಕಂಡುಬಂದು, 1954ರಲ್ಲಿ ಅದು ಅಮೆರಿಕದ ಆಸ್ಪತ್ರೆಗಳಿಗೆ ಬಂದಿತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಅನೇಕರಿಗೆ ತಗ್ಗಿದವು. 1963ರ ಅಕ್ಟೋಬರ್ 31ರಂದು ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾನೂನಿಗೆ ಸಹಿ ಹಾಕಿದ. ಆಸ್ಪತ್ರೆಗಳ ಹೆಬ್ಬಾಗಿಲು ತೆರೆಯಿತು, ಜನ ಸಾವಿರ ಸಾವಿರವಾಗಿ ಹೊರಬಂದರು. ಬಂದವರಲ್ಲಿ ಬಹಳ ಮಂದಿ ಮತ್ತೆ ಅದೇ ಬಾಗಿಲಿಗೆ ಮರಳಿದರು. ಔಷಧಿ ಮನಸ್ಸಿನ ಗದ್ದಲವನ್ನು ಇಳಿಸುತ್ತಿತ್ತು. ಬೆಳಿಗ್ಗೆ ಎದ್ದವನು ಮೊದಲು ಏನು ಮಾಡಬೇಕು, ಕೋಣೆಯ ಬಾಡಿಗೆ ಯಾರ ಕೈಗೆ ಕೊಡಬೇಕು, ಹಾಲು ಹುಳಿಯಾದರೆ ಏನು ಮಾಡಬೇಕು ಎಂಬುದನ್ನು ಹೇಳಿಕೊಡುವುದು ಅದರ ಅಳವಿನಲ್ಲಿರಲಿಲ್ಲ.

ಕಲಿಸುವ ಪ್ರಯತ್ನಗಳು ಆಸ್ಪತ್ರೆಗಳ ಒಳಗೇ ಶುರುವಾದವು. ಇಲಿನಾಯ್ ರಾಜ್ಯದ ಆ್ಯನಾ ಆಸ್ಪತ್ರೆಯಲ್ಲಿ ಟಿಯೋಡೋರೋ ಐಯಾನ್, ನೇಥನ್ ಅಜ್ರಿನ್ ಎಂಬಿಬ್ಬರು ಮನೋವಿಜ್ಞಾನಿಗಳು 1960ರ ದಶಕದಲ್ಲಿ ಬಿಲ್ಲೆಗಳ ಪದ್ಧತಿಯೊಂದನ್ನು ನಡೆಸಿದರು. ಹಲ್ಲುಜ್ಜಿದರೆ, ಹಾಸಿಗೆ ಮಡಿಸಿದರೆ, ಒಪ್ಪಿಕೊಂಡ ಕೆಲಸ ಮಾಡಿದರೆ ಬಿಲ್ಲೆ. ಬಿಲ್ಲೆ ಕೊಟ್ಟರೆ ಬೇಕಾದ ತಿಂಡಿ, ಬೇಕಾದ ಸೌಲಭ್ಯ. ವರ್ಷಗಳಿಂದ ಗೋಡೆ ನೋಡುತ್ತ ಕೂತಿದ್ದವರು ಎದ್ದು ಕೆಲಸ ಮಾಡಿದರು. ಇವರು ಕಲಿಯಲಾರರು ಎಂಬ ಹಳೆಯ ನಂಬಿಕೆ ಅಲ್ಲಿ ಮುರಿದುಬಿತ್ತು. ಆ ಪದ್ಧತಿಗೆ ನಾವು ಋಣಿಗಳಾಗಬೇಕಾದದ್ದು ಇಷ್ಟಕ್ಕೆ. ಆದರೆ ಆಸ್ಪತ್ರೆಯ ಗೇಟಿನಾಚೆ ಹಲ್ಲುಜ್ಜಿದ್ದಕ್ಕೆ ಬಿಲ್ಲೆ ಕೊಡುವವರು ಯಾರೂ ಇರಲಿಲ್ಲ.

ಮೆಂಡೋಟಾದಲ್ಲಿಯೂ ಅದೇ ದಶಕದಲ್ಲಿ ಒಂದು ಸಂಶೋಧನಾ ವಾರ್ಡಿತ್ತು. ಯಾವ ಚಿಕಿತ್ಸೆಗೂ ಬಗ್ಗದವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಮನೋವೈದ್ಯರಾದ ಆರ್ನಾಲ್ಡ್ ಮಾರ್ಕ್ಸ್, ಲೆನರ್ಡ್ ಸ್ಟೈನ್ ಮತ್ತು ಮನೋವಿಜ್ಞಾನಿ ಮೇರಿ ಆ್ಯನ್ ಟೆಸ್ಟ್ ಆ ವಾರ್ಡನ್ನು ಮುನ್ನಡೆಸಿದವರು. ಬಿಡುಗಡೆಗೆ ಮುಂಚೆ ರೋಗಿಗಳನ್ನು ಹೊರಬದುಕಿಗೆ ಅಣಿಗೊಳಿಸಬೇಕೆಂದು ಅವರು ವಾರ್ಡಿನಲ್ಲೇ ಬಗೆಬಗೆಯ ತರಬೇತಿ ಕೊಟ್ಟರು. ಜನ ಕಲಿತರು, ಸುಧಾರಿಸಿದರು, ಹೋಗಿಬರುತ್ತೇವೆಂದು ಹೇಳಿ ಹೊರಟರು. ಕೆಲವು ತಿಂಗಳಲ್ಲಿ ಹಲವರು ಮತ್ತೆ ಅದೇ ವಾರ್ಡಿನಲ್ಲಿ ಇರುತ್ತಿದ್ದರು. ಆ ವಾರ್ಡಿನವರು ಮೈಗಳ್ಳರಾಗಿರಲಿಲ್ಲ, ಅವರ ಪಾಠದಲ್ಲಿಯೂ ಕೊರತೆಯಿರಲಿಲ್ಲ. ತಪ್ಪು ಎಲ್ಲಿದೆಯೆಂದು ಅವರಿಗೇ ತಿಳಿಯುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಸಿಬ್ಬಂದಿಯ ಕಣ್ಣಿಗೆ ಒಂದು ಸಂಗತಿ ಬಿತ್ತು. ವಾರ್ಡಿನಲ್ಲಿ ಒಬ್ಬ ಸಮಾಜ ಕಾರ್ಯಕರ್ತೆ ಇದ್ದಳು. ಅವಳ ಕೈಯಿಂದ ಬಿಡುಗಡೆಯಾಗಿ ಹೋದವರು ಮಾತ್ರ ಅಷ್ಟಾಗಿ ವಾಪಸು ಬರುತ್ತಿರಲಿಲ್ಲ. ಅವಳು ಮಾಡುತ್ತಿದ್ದದ್ದೇನು? ಬಿಡುಗಡೆಯ ದಿನ ರೋಗಿಯನ್ನು ತಾನೇ ಕಾರಿನಲ್ಲಿ ಹೊಸ ಕೋಣೆಗೆ ಬಿಡುತ್ತಿದ್ದಳು. ಅಲ್ಲಿಗೆ ಬೇಕಾದ ಸಾಮಾನು ಹೊಂದಿಸಲು ಕೈಜೋಡಿಸುತ್ತಿದ್ದಳು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಬಟ್ಟೆ ಎಲ್ಲಿ ಒಗೆಯಬೇಕು ಎಂಬುದನ್ನು ಜೊತೆಯಲ್ಲಿ ಹೋಗಿ ತೋರಿಸಿಕೊಡುತ್ತಿದ್ದಳು. ತನ್ನ ಮನೆಯ ಫೋನ್ ನಂಬರನ್ನು ಅವರಿಗೂ ಮನೆಯವರಿಗೂ ಕೊಟ್ಟು, ಬೇಕಾದಾಗ ಕರೆ ಮಾಡಿ ಎನ್ನುತ್ತಿದ್ದಳು. ಆಮೇಲೂ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದಳು. ಇದು ಯಾವ ಸಿದ್ಧಾಂತದಿಂದ ಹುಟ್ಟಿದ ಕ್ರಮವೂ ಅಲ್ಲ. ದೊಡ್ಡ ದೊಡ್ಡ ಪ್ರಯೋಗಗಳು ಸೋತ ಜಾಗದಲ್ಲಿ ಇದು ಗೆದ್ದಿತ್ತು. ವಾರ್ಡಿನ ಮುಖ್ಯಸ್ಥರು ಅದನ್ನು ಕಂಡು ಕಡೆಗಣಿಸಲಿಲ್ಲ. ಇದು ನಮ್ಮ ಪಾಠಕ್ಕಿಂತ ಹೆಚ್ಚಿನದು ಎಂದು ಒಪ್ಪಿಕೊಂಡರು. ಈ ಕಥೆಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಗಳಿಗೆ ಅದು.

ಆ ಒಪ್ಪಿಗೆಯಿಂದ ಹುಟ್ಟಿದ ವಿಚಾರ ಸರಳವಾಗಿತ್ತು. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಹೊತ್ತೊಯ್ಯುವುದು ನಮ್ಮ ನಿಮ್ಮಂಥವರಿಗೆ ಗೊತ್ತೇ ಆಗದಷ್ಟು ಸಲೀಸು. ಸ್ಕಿಜೋಫ್ರೀನಿಯಾದಂಥ ಕಾಯಿಲೆ ಈ ಶಕ್ತಿಗೇ ಪೆಟ್ಟು ಕೊಡುತ್ತದೆ. ಗಮನ ಚದುರುತ್ತದೆ, ಯಾವುದರ ನಂತರ ಯಾವುದು ಎಂಬ ಕ್ರಮ ತಪ್ಪುತ್ತದೆ, ಕೆಲಸವನ್ನು ಆರಂಭಿಸುವ ಹುರುಪೇ ಕುಂದುತ್ತದೆ. ಆ ಕಾಲದ ಔಷಧಿಗಳಿಂದ ಕೈ ನಡುಗುತ್ತಿತ್ತು, ಮೈ ಬಿಗಿಯುತ್ತಿತ್ತು, ಹಗಲಿಡೀ ಮಂಪರು. ವಾರ್ಡಿನ ಒಲೆಯ ತಿರುಪು ಒಂದು ಬಗೆ, ಬಾಡಿಗೆ ಕೋಣೆಯದು ಇನ್ನೊಂದು ಬಗೆ. ವಾರ್ಡಿನಲ್ಲಿ ಮೊಟ್ಟೆ ಬೇಯಿಸಲು ಕಲಿತವನು ಈ ಒಲೆಯ ಮುಂದೆ ಮೊದಲಿಂದ ಕಲಿಯಬೇಕು. ಹಾಗಾದರೆ ವಾರ್ಡಿನಲ್ಲಿ ಕಲಿಸಿ ಸಮಯ ಕಳೆಯುವುದೇಕೆ? ಬದುಕುವ ಜಾಗದಲ್ಲೇ ಕಲಿಸೋಣ ಎಂದರು. ಕೆಲವು ಸಣ್ಣ ಪ್ರಯೋಗಗಳನ್ನು ಮಾಡಿ ನೋಡಿದ ಮೇಲೆ 1972ರಲ್ಲಿ ವಾರ್ಡಿಗೆ ವಾರ್ಡೇ ಊರಿಗೆ ಬಂತು. ಹೊಸಬರನ್ನು ನೇಮಿಸಿಕೊಳ್ಳಲಿಲ್ಲ. ವಾರ್ಡಿನ ನರ್ಸುಗಳು, ಸಹಾಯಕರಿಗೇ ಹೊಸ ಕೆಲಸದ ತರಬೇತಿ ಕೊಟ್ಟರು. ಹಗಲು ರಾತ್ರಿ, ವಾರದ ಏಳೂ ದಿನ ಪಾಳಿಯ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಈ ಕ್ರಮಕ್ಕೆ ಅವರು ಇಟ್ಟ ಮೊದಲ ಹೆಸರು 'ಸಮುದಾಯದಲ್ಲಿ ಬದುಕುವ ತರಬೇತಿ'.

ಏನೇನು ಕಲಿಸಿದರೆಂಬುದನ್ನು ಸ್ಟೈನ್, ಟೆಸ್ಟ್ ತಮ್ಮ ಲೇಖನದಲ್ಲಿ ಪಟ್ಟಿ ಮಾಡಿದ್ದಾರೆ: ಬಟ್ಟೆಯ ನಿರ್ವಹಣೆ, ಸಾಮಾನು ಖರೀದಿ, ಅಡುಗೆ, ಹೋಟೆಲಿನಲ್ಲಿ ಊಟ, ಮೈಯ ಶುಚಿ, ಖರ್ಚಿನ ಲೆಕ್ಕ, ಬಸ್ಸಿನ ಓಡಾಟ. ಓದಲು ಒಂದೇ ಸಾಲು. ಅದರಲ್ಲಿ ಬಟ್ಟೆಯೊಂದನ್ನೇ ತೆಗೆದುಕೊಂಡು ನೋಡಿದರೂ ಆ ಕೆಲಸದ ಆಳ ತಿಳಿಯುತ್ತದೆ. ಅಲ್ಲಿ ಬಾಡಿಗೆ ಕೋಣೆಗಳಲ್ಲಿ ಇರುವವರು ಸಾಮಾನ್ಯವಾಗಿ ಬೀದಿಯ ಲಾಂಡ್ರಿಗೆ ಹೋಗಿ, ನಾಣ್ಯ ಹಾಕಿ ಯಂತ್ರ ನಡೆಸುತ್ತಾರೆ. ಮೊದಲು ಬಟ್ಟೆ ಕೊಳೆಯಾಗಿದೆ ಎಂಬುದು ಗಮನಕ್ಕೆ ಬರಬೇಕು. ಚೀಲಕ್ಕೆ ತುಂಬಬೇಕು. ಸರಿಯಾದ ನಾಣ್ಯಗಳನ್ನು ಹೊಂದಿಸಿಟ್ಟುಕೊಳ್ಳಬೇಕು. ಅಪರಿಚಿತರು ಕೂತ ಆ ಕೋಣೆಯೊಳಗೆ ಕಾಲಿಡಬೇಕು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ತನ್ನ ವಿಚಾರವೇ ಮಾತಾಡುತ್ತಿದ್ದಾರೆ ಎಂದು ಮನಸ್ಸು ಚೀರುತ್ತಿರುವಾಗ ಒಳಗೆ ಕಾಲಿಡುವುದೇ ಅರ್ಧ ಕೆಲಸ. ಖಾಲಿ ಯಂತ್ರ ಯಾವುದೆಂದು ನೋಡಬೇಕು. ಬಣ್ಣ ಬಿಡುವ ಬಟ್ಟೆ ಬೇರೆ ಮಾಡಬೇಕು. ಸೋಪಿನ ಪುಡಿ ಅಳತೆಗೆ ಹಾಕಬೇಕು. ಯಂತ್ರ ನಿಲ್ಲುವವರೆಗೆ ಎದ್ದು ಹೋಗದೆ ಕಾಯಬೇಕು. ಒದ್ದೆ ಬಟ್ಟೆಯನ್ನು ಒಣಗಿಸುವ ಯಂತ್ರಕ್ಕೆ ಹಾಕಬೇಕು, ಮತ್ತೆ ಕಾಯಬೇಕು, ಮಡಿಸಬೇಕು, ಮರೆಯದೆ ಮನೆಗೆ ತರಬೇಕು. ಇದರಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಬಟ್ಟೆ ಕೊಳೆಯಾಗಿಯೇ ಉಳಿಯುತ್ತದೆ. ಕೊಳೆ ಬಟ್ಟೆಯವನಿಗೆ ಕೆಲಸ ಯಾರೂ ಕೊಡುವುದಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುತ್ತಾರೆ, ಮನೆ ಮಾಲೀಕ ಖಾಲಿ ಮಾಡು ಎನ್ನುತ್ತಾನೆ. ಅಲ್ಲಿಂದ ಆಸ್ಪತ್ರೆಗೆ ದಾರಿ ದೂರವಿಲ್ಲ.

ಹಾಗಾಗಿ ಕಲಿಸುವವರು ಜೊತೆಗೆ ಹೋಗುತ್ತಿದ್ದರು. ಮೊದಮೊದಲು ಇಬ್ಬರೂ ಸೇರಿ ಮಾಡುವುದು. ಆಮೇಲೆ ಕಲಿಯುವವನು ಮಾಡುತ್ತಾನೆ, ಕಲಿಸುವವರು ಪಕ್ಕದಲ್ಲಿರುತ್ತಾರೆ. ಆಮೇಲೆ ಬಾಗಿಲವರೆಗೆ. ಆಮೇಲೆ ಫೋನಿನಲ್ಲಿ ನೆನಪಿಸುವ ಒಂದು ಮಾತು. ಕಾಯಿಲೆ ಕೆರಳಿದ ವಾರಗಳಲ್ಲಿ ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯಬೇಕಾಗುತ್ತಿತ್ತು. ಅದನ್ನು ಸೋಲೆಂದು ಎಣಿಸುವ ಹಾಗಿರಲಿಲ್ಲ. ಹೇಳಿದ ಹೊತ್ತಿಗೆ ಆತ ಬರಲಿಲ್ಲವೆಂದರೆ, ಹಿಂದಿನ ಕಾಲದಲ್ಲಾಗಿದ್ದರೆ ಕಡತದಲ್ಲಿ ಗೈರುಹಾಜರಿ ಬರೆದು ಮುಗಿಸುತ್ತಿದ್ದರು. ಇವರು ಹುಡುಕಿಕೊಂಡು ಹೋಗಿ ಕದ ತಟ್ಟುತ್ತಿದ್ದರು. ಮನೆ ಮಾಲೀಕರ ಜೊತೆ, ಅಂಗಡಿಯವರ ಜೊತೆ, ಕೆಲಸ ಕೊಟ್ಟವರ ಜೊತೆ, ಪೊಲೀಸರ ಜೊತೆ ಮಾತಾಡುತ್ತಿದ್ದರು. ಮಗನ ಕಾಯಿಲೆಯಲ್ಲಿ ಮುಳುಗಿಹೋದ ತಂದೆತಾಯಿಗಳಿಂದ ಮಗನನ್ನು ತುಸು ದೂರ ಇರಿಸಿ, ಇಬ್ಬರಿಗೂ ಉಸಿರಾಡಲು ಎಡೆ ಮಾಡಿಕೊಡುವುದೂ ಅವರ ಕ್ರಮದ ಒಂದು ಭಾಗವಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಸಿಬ್ಬಂದಿ ಆಸ್ಪತ್ರೆಯಿಂದ ಮನೆಯ ಕಡೆಗೆ ನಡೆದರೆ, ನಮ್ಮ ದೇಶದಲ್ಲಿ ಅದಕ್ಕೂ ಮುಂಚೆ ಮನೆಯವರೇ ಆಸ್ಪತ್ರೆಯ ಕಡೆಗೆ ನಡೆದು ಬಂದಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಬಂಧುಗಳನ್ನೂ ಇರಿಸಿಕೊಂಡರು. ತಾಯಿ, ಹೆಂಡತಿ, ಅಣ್ಣ ತಮ್ಮಂದಿರು ಪಕ್ಕದಲ್ಲಿದ್ದು, ಉಣ್ಣಿಸಿ, ಸ್ನಾನ ಮಾಡಿಸಿ, ಕಾಯಿಲೆಯ ಬಗೆ ತಿಳಿದುಕೊಂಡು ರೋಗಿಯನ್ನು ಕರೆದುಕೊಂಡು ಊರಿಗೆ ಹೋದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬದವರು ರೋಗಿಯ ಜೊತೆ ಉಳಿಯುವ ವಾರ್ಡುಗಳಿವೆ. ಮ್ಯಾಡಿಸನ್ನಿನವರು ತಂದೆತಾಯಿಯಿಂದ ತುಸು ಅಂತರ ಬೇಕೆಂದರು, ವಿದ್ಯಾಸಾಗರರು ಅವರನ್ನೇ ಹತ್ತಿರ ಕರೆದರು. ಅವರವರ ಸಮಾಜ ಅವರವರಿಗೆ ಕೊಟ್ಟ ಬಲವನ್ನು ಅವರು ಬಳಸಿಕೊಂಡರು. ಕಲಿಕೆ ರೋಗಿಯ ಸ್ವಂತ ಬದುಕಿನ ಜನರ, ಸಾಮಾನುಗಳ ನಡುವೆ ನಡೆಯಬೇಕೆಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಮ್ಯಾಡಿಸನ್ನಿನವರು ತಮ್ಮ ನಂಬಿಕೆಯನ್ನು ಪರೀಕ್ಷೆಗೂ ಒಡ್ಡಿದರು. ಮೆಂಡೋಟಾ ಆಸ್ಪತ್ರೆಗೆ ಸೇರಲೆಂದು ಬಂದ 130 ಮಂದಿಯನ್ನು ದಾಖಲಾತಿಯ ಬಾಗಿಲಿನಲ್ಲೇ ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. 65 ಮಂದಿಗೆ ಮಾಮೂಲಿನಂತೆ ಆಸ್ಪತ್ರೆ, ಆಮೇಲೆ ಊರಿನ ಹೊರರೋಗಿ ಸೇವೆ. 65 ಮಂದಿಗೆ ಹದಿನಾಲ್ಕು ತಿಂಗಳು ಈ ಹೊಸ ಕ್ರಮ. ಆರಿಸಿ ತೆಗೆದ ಸುಲಭದ ರೋಗಿಗಳಲ್ಲ, ಅಂದು ಬಾಗಿಲಿಗೆ ಬಂದವರು. 1980ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ವರ್ಷದಲ್ಲಿ ಮಾಮೂಲು ಕ್ರಮದ 65ರಲ್ಲಿ 58 ಮಂದಿ ಆಸ್ಪತ್ರೆಯಲ್ಲಿ ಮಲಗಿದ್ದರು, ಹೊಸ ಕ್ರಮದವರಲ್ಲಿ 12 ಮಂದಿ. ಹೊಸ ಕ್ರಮದವರು ಹೆಚ್ಚು ದಿನ ಸ್ವತಂತ್ರವಾಗಿ ಬಾಳಿದರು, ಹೆಚ್ಚು ದುಡಿದರು. ಮನೆಯವರ ಮೇಲೆ, ನೆರೆಹೊರೆಯ ಮೇಲೆ ಹೊರೆ ಹೆಚ್ಚಾಗಲಿಲ್ಲ. ಅರ್ಥಶಾಸ್ತ್ರಜ್ಞ ಬರ್ಟನ್ ವೈಸ್‌ಬ್ರಾಡ್ ಲೆಕ್ಕ ಹಾಕಿದಾಗ ಹೊಸ ಕ್ರಮಕ್ಕೆ ಖರ್ಚು ಸ್ವಲ್ಪ ಹೆಚ್ಚೇ ಬಂತು. ಅದರಿಂದ ಬಂದ ಲಾಭ ಆ ಹೆಚ್ಚಿನ ಖರ್ಚನ್ನೂ ಮೀರಿತು.

ಆದರೆ ಆ ಅಧ್ಯಯನದ ಎರಡನೆಯ ಅರ್ಧವನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಹದಿನಾಲ್ಕು ತಿಂಗಳು ಮುಗಿದ ಮೇಲೆ, ಯೋಜನೆಯಲ್ಲಿ ಬರೆದಿದ್ದಂತೆ, ಆ 65 ಮಂದಿಯನ್ನು ಊರಿನ ಮಾಮೂಲು ಸೇವೆಗೆ ಒಪ್ಪಿಸಿದರು. ಪಕ್ಕದಲ್ಲಿ ನಡೆಯುತ್ತಿದ್ದವರು ಹಿಂದೆ ಸರಿದರು. ಗಳಿಸಿದ್ದರಲ್ಲಿ ಬಹಳಷ್ಟು ಮೆಲ್ಲಗೆ ಕರಗಿತು, ಆಸ್ಪತ್ರೆಯ ದಿನಗಳು ಮತ್ತೆ ಏರಿದವು. ಒಮ್ಮೆ ಕಲಿಸಿದರೆ ಸಾಕು, ಮುಂದೆ ತಾವೇ ನಡೆಸಿಕೊಂಡು ಹೋಗುತ್ತಾರೆ ಎಂಬ ಎಣಿಕೆ ಸುಳ್ಳಾಯಿತು. ಸ್ಟೈನ್, ಟೆಸ್ಟ್ ಇದನ್ನು ಮುಚ್ಚಿಡಲಿಲ್ಲ. ಈ ಬೆಂಬಲಕ್ಕೆ ಕೊನೆಯ ತಾರೀಖು ಇರಬಾರದೆಂದು ಸ್ಪಷ್ಟವಾಗಿ ಬರೆದರು. ಮುಂದೆ ಮೇರಿ ಆ್ಯನ್ ಟೆಸ್ಟ್ ಸ್ಕಿಜೋಫ್ರೀನಿಯಾದ ಎಳೆಯ ವಯಸ್ಸಿನವರನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸುವ ಹೊಸ ಅಧ್ಯಯನವನ್ನು ಶುರುಮಾಡಿದಳು.

ಆಕ್ಷೇಪಗಳೂ ಬಂದವು. ಕದ ತಟ್ಟುವವರನ್ನು ಕರೆದವರು ಯಾರು? ಒಬ್ಬನ ದುಡ್ಡನ್ನು ಇನ್ನೊಬ್ಬರು ಹಿಡಿದಿಟ್ಟು ದಿನಕ್ಕಿಷ್ಟು ಎಂದು ಕೊಟ್ಟರೆ ಅದು ಪಾಠವೋ ಹಿಡಿತವೋ? ಬೇಡವೆನ್ನುವ ಹಕ್ಕು ರೋಗಿಗಿಲ್ಲವೆ? ಆ ಕ್ರಮವನ್ನು ಅನುಭವಿಸಿದವರಲ್ಲೇ ಕೆಲವರು ಈ ಪ್ರಶ್ನೆ ಎತ್ತಿದರು. ಅವರ ಮಾತಿಗೆ ಬೆಲೆ ಕೊಡಬೇಕು. ಕಲಿಸುವವರು ತಮ್ಮ ಮನೆಯ ರೀತಿಯನ್ನೇ ಸರಿಯಾದ ರೀತಿಯೆಂದು ಹೇರತೊಡಗಿದರೆ, ವಾರ್ಡಿನ ಗಂಟೆ ಬಾಡಿಗೆ ಕೋಣೆಯಲ್ಲೂ ಬಾರಿಸತೊಡಗುತ್ತದೆ. ಹಾಗಂತ ಕದವನ್ನು ತಟ್ಟದೆಯೇ ಬಿಟ್ಟ ಊರುಗಳಲ್ಲಿ ಏನಾಯಿತೆಂಬುದನ್ನೂ ನೋಡಬೇಕು. ಆಸ್ಪತ್ರೆಯಿಂದ ಹೊರಬಂದ ಎಷ್ಟೋ ಮಂದಿ ಬೀದಿಗೆ ಬಿದ್ದರು, ಜೈಲು ಸೇರಿದರು. ಅವರ ಸ್ವಾತಂತ್ರ್ಯದ ಹೆಸರಿನಲ್ಲಿ ಅವರನ್ನು ಕೈಬಿಟ್ಟವರಿಗಿಂತ ಕದ ತಟ್ಟಿದವರ ಕಡೆಗೇ ನನ್ನ ಒಲವು. ತಟ್ಟಿದ ಮೇಲೆ ಒಳಗಿನವರ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ಅವರಿಗಿರಬೇಕು, ಅಷ್ಟೆ.

ಮ್ಯಾಡಿಸನ್ನಿನಲ್ಲೇ ಇನ್ನೊಂದು ಸಂಗತಿ ನಡೆಯಿತು. ಸ್ಕಿಜೋಫ್ರೀನಿಯಾ ಬಂದ ಗಂಡುಮಕ್ಕಳ ತಾಯಂದಿರಾದ ಹ್ಯಾರಿಯೆಟ್ ಶೆಟ್ಲರ್ ಮತ್ತು ಬೆವರ್ಲಿ ಯಂಗ್ 1977ರಲ್ಲಿ ಊಟಕ್ಕೆಂದು ಸೇರಿ ತಮ್ಮ ತಮ್ಮ ದುಃಖ ಹಂಚಿಕೊಂಡರು. ತಮ್ಮಂಥ ಮನೆಗಳನ್ನು ಹುಡುಕಿ ಕೂಡಿಸಿದರು. 1979ರ ಸೆಪ್ಟೆಂಬರಿನಲ್ಲಿ ದೇಶದ ನಾನಾ ಕಡೆಗಳ ಕುಟುಂಬಗಳು ಆ ಊರಿಗೆ ಬಂದು ಸಮ್ಮೇಳನ ನಡೆಸಿ, ಮಾನಸಿಕ ಕಾಯಿಲೆಯವರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. ಮಕ್ಕಳ ಕಾಯಿಲೆಗೆ ತಾಯಿಯೇ ಕಾರಣವೆಂದು ತಜ್ಞರು ಬಾಯಿಬಿಟ್ಟು ಹೇಳುತ್ತಿದ್ದ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಆ ತಾಯಂದಿರು ತಲೆ ತಗ್ಗಿಸಿ ಕೂರಲಿಲ್ಲ, ಶಾಸನಸಭೆಗಳ ಮೆಟ್ಟಿಲು ಹತ್ತಿದರು. ಮ್ಯಾಡಿಸನ್ನಿನ ಕ್ರಮ ಎಲ್ಲ ಊರುಗಳಲ್ಲೂ ಸಿಗಬೇಕೆಂಬುದು ಮುಂದೆ ಆ ಒಕ್ಕೂಟದ ದೊಡ್ಡ ಬೇಡಿಕೆಗಳಲ್ಲಿ ಒಂದಾಯಿತು.

ಸಮುದ್ರದಾಚೆಯೂ ಆ ಕ್ರಮ ಹಬ್ಬಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮನೋವೈದ್ಯ ಜಾನ್ ಹೌಲ್ಟ್ ಮತ್ತು ಆತನ ಸಂಗಡಿಗರು ಅದೇ ಬಗೆಯ ಪರೀಕ್ಷೆ ನಡೆಸಿ ಅದೇ ಬಗೆಯ ಫಲ ಕಂಡರು. ಇಂಗ್ಲೆಂಡಿನಲ್ಲಿ ಮುಂದೆ ನಡೆದ ಅಧ್ಯಯನಗಳಲ್ಲಿ ಆಸ್ಪತ್ರೆಯ ದಿನಗಳು ಅಷ್ಟು ಇಳಿಯಲಿಲ್ಲ. ಅಲ್ಲಿ ಮಾಮೂಲು ಸೇವೆಯೇ ಆ ವೇಳೆಗೆ ಮನೆಬಾಗಿಲಿಗೆ ಹೋಗುವಷ್ಟು ಬದಲಾಗಿತ್ತೆಂಬುದು ಹಲವರ ವಿವರಣೆ. 1998ರಲ್ಲಿ, ಮ್ಯಾಡಿಸನ್ನಿನ ತಂಡದಲ್ಲಿ ದುಡಿದು ಪಳಗಿದ ಡೆಬೊರಾ ಆಲ್‌ನೆಸ್ ಮತ್ತು ಡಾ. ವಿಲಿಯಂ ನೋಡ್ಲರ್ ಈ ಕೆಲಸ ಹೇಗೆ ಮಾಡಬೇಕೆಂದು ಒಂದು ಕೈಪಿಡಿ ಬರೆದರು, ಕುಟುಂಬಗಳ ಆ ಒಕ್ಕೂಟವೇ ಅದಕ್ಕೆ ಬೆಂಬಲವಾಗಿ ನಿಂತಿತು. ಈ ಪದ್ಧತಿಗೆ ಬರೆದಿಟ್ಟ ನಿಯಮಗಳಲ್ಲಿ ಔಷಧಿ, ವಸತಿ, ಉದ್ಯೋಗದ ಸಾಲಿನಲ್ಲೇ ಮನೆ ಗುಡಿಸುವುದು, ಅಡುಗೆ, ದಿನಸಿ, ಬಟ್ಟೆ ಒಗೆತ, ಸ್ನಾನ, ಖರ್ಚು ವೆಚ್ಚ, ಬಸ್ಸಿನ ಪ್ರಯಾಣ ಒಂದೊಂದೂ ಸಿಬ್ಬಂದಿಯ ಕರ್ತವ್ಯವಾಗಿ ದಾಖಲಾಗಿವೆ. ಅವನ್ನು ರೋಗಿಯ ಜೊತೆಜೊತೆಗೇ ನಿಂತು ಮಾಡಬೇಕು ಎಂದು ಆ ನಿಯಮಗಳು ಹೇಳುತ್ತವೆ.